ಸಾದರಹಳ್ಳಿ ಚೂರು ಹಾಕಿದ ನನ್ನ ಟ್ಯಾಂಕು

"ಮೀನಿನ ಟ್ಯಾಂಕಿಗೆ ಬೀದಿ ಕಲ್ಲು ಹಾಕಿದ್ರೆ ನಿಯಾನ್ ಟೆಟ್ರಾ ಮೀನು ಉಳಿಯಲ್ಲ ಗುರು" ಅಂದವರೇ ಈಗ ಕಲ್ಲು ಎಲ್ಲಿ ಸಿಕ್ಕಿತು ಅಂತ ಕೇಳುತ್ತಿದ್ದಾರೆ. ಟ್ಯಾಂಕಿಗೆ ವರ್ಷ ದಾಟಿದೆ, ಟೆಟ್ರಾಗಳು ಮೊದಲಿಗಿಂತ ಬಣ್ಣ ಬಂದಿವೆ.

ಮೊದಲು ಇದ್ದದ್ದು ಸೇರ್ಯು ಕಲ್ಲು, ಟ್ಯಾಂಕ್ ಅಲಂಕಾರಕ್ಕೆ ಅಂಗಡಿಯಲ್ಲಿ ಮಾರುವಂಥದ್ದು. ಕಿಲೋಗೆ ಮುನ್ನೂರರ ಹತ್ತಿರ ಕೊಟ್ಟಿದ್ದೆ, ಎರಡಡಿ ಟ್ಯಾಂಕಿಗೆ ಕಲ್ಲಿಗೇ ಮೂರು ಸಾವಿರದ ಮೇಲೆ ಹೋಯಿತು. ಏನೂ ಆಗಲ್ಲ ಅಂತ ಅಂಗಡಿಯವರ ಭರವಸೆ ಬೇರೆ. ಟೆಟ್ರಾಗೆ ಮೆದು ನೀರು ಬೇಕು ಅಂತ ಆರ್‌ಓ ನೀರು ಬೆರೆಸಿ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 80ಕ್ಕೆ ತಂದರೆ ವಾರದೊಳಗೆ 150 ದಾಟುತ್ತಿತ್ತು. ನೀರು ಬದಲಿಸಿದರೂ ಮತ್ತೆ ಅದೇ ಕಥೆ. ಆ ಕಲ್ಲಿನಲ್ಲಿ ಸುಣ್ಣ ಇರುತ್ತದಲ್ವಾ, ಗಿಡಗಳಿಗೆ ಅಂತ ಸಿಓಟೂ ಬಿಡುವ ಟ್ಯಾಂಕಿನಲ್ಲಿ ಇನ್ನೂ ಜಾಸ್ತಿ ಕರಗುತ್ತದೆ. ಕೊನೆಗೆ ಆಫ್ರಿಕನ್ ಸಿಕ್ಲಿಡ್ ಮೀನು ಸಾಕುವ ಒಬ್ಬರಿಗೆ ಅರ್ಧ ಬೆಲೆಗೆ ಕೊಟ್ಟೆ. ಅವರ ಮೀನಿಗೆ ಗಡಸು ನೀರೇ ಬೇಕಿತ್ತು.

ಆಮೇಲೆ ದೇವನಹಳ್ಳಿ ಕಡೆ ಕಲ್ಲು ಒಡೆಯುವವರ ಹತ್ತಿರ ಸಾದರಹಳ್ಳಿ ಕಲ್ಲಿನ (ಅಲ್ಲಿನ ಗ್ರಾನೈಟ್) ಚೂರು ಆರಿಸಿದೆ. ಎರಡು ಚೀಲ, ಟೀ ಖರ್ಚಿಗೆ ಅಂತ ನೂರು ರೂಪಾಯಿ. ಪಾಲಿಶ್ ಆದದ್ದು, ಸಿಮೆಂಟ್ ಮೆತ್ತಿದ್ದು, ತುಕ್ಕಿನ ಕಲೆ ಇದ್ದದ್ದು ಅಲ್ಲೇ ಬಿಟ್ಟೆ.

ಕಲ್ಲಿನಲ್ಲಿ ಸುಣ್ಣ ಇದೆಯಾ ಅಂತ ನೋಡಲು ವಿನೆಗರ್ ನಂಬಬೇಡಿ, ಅದು ತೀರಾ ಮೆತ್ತಗೆ. ನಾನು ಬಳಸಿದ್ದು ಬಾತ್‌ರೂಂ ಆಸಿಡ್. ಮನೆ ಹೊರಗೆ, ಗ್ಲೌಸ್ ಹಾಕಿಕೊಂಡು. ಮೊಳೆಯಲ್ಲಿ ಕೆರೆದು, ಉದುರಿದ ಪುಡಿ ಮೇಲೆ ಒಂದು ಹನಿ. ಗುಳ್ಳೆ ಎದ್ದರೆ ಸುಣ್ಣ ಇದೆ ಅಂತ, ಆ ಕಲ್ಲು ಬೇಡ. ಬಿಸಿಲಿಗೆ ಓರೆಯಾಗಿ ಹಿಡಿದರೆ ಸಾಸಿವೆಗಿಂತ ಸಣ್ಣ ಗುಳ್ಳೆಯೂ ಕಾಣುತ್ತದೆ. ಬಿಳಿ ಗೆರೆ ಇದ್ದರೆ ಚಾಕುವಿನಲ್ಲಿ ಗೀರಿ. ಗೀರು ಬೀಳದಿದ್ದರೆ ಬೆಣಚಿನಂಥ ಗಟ್ಟಿ ಕಲ್ಲು, ಸುಣ್ಣ ಅಲ್ಲ. ಬಿದ್ದರೆ ಅಲ್ಲೊಂದು ಹನಿ ಹಾಕಿ ನೋಡಿ. ಪಾಸಾದದ್ದನ್ನು ಚೆನ್ನಾಗಿ ತೊಳೆದು, ಆರ್‌ಓ ನೀರಿನ ಬಕೆಟ್‌ನಲ್ಲಿ ಹತ್ತು ದಿನ ಇಟ್ಟೆ. ಟಿಡಿಎಸ್ ನಾಲ್ಕೈದು ಏರಿತು, ಅಷ್ಟೇ. ಕುದಿಸುವ ಗೋಜಿಗೆ ಹೋಗಲಿಲ್ಲ. ಒಳಗೆ ನೀರು ಸೇರಿದ ಕಲ್ಲು ಬಿಸಿಗೆ ಸಿಡಿಯಬಹುದು.

ಸುಮ್ನೆ ಕುತೂಹಲಕ್ಕೆ ಶಹಾಬಾದ್ ಮತ್ತು ಕಡಪ ಕಲ್ಲಿಗೂ ಹನಿ ಹಾಕಿದೆ. ಎರಡೂ ನೊರೆ ನೊರೆ. ಶಹಾಬಾದ್ ತುಂಡು ಈಗ ಗಪ್ಪಿ ಮೀನಿನ ಟ್ಯಾಂಕಿನಲ್ಲಿದೆ, ಅವಕ್ಕೆ ಗಡಸು ನೀರು ಒಗ್ಗುತ್ತದೆ, ಮರಿಗಳಿಗೆ ಲೆಕ್ಕವಿಲ್ಲ. ಮಂಗಳೂರಿಂದ ತಂದ ಕೆಂಪುಕಲ್ಲು ಮಾತ್ರ ಎರಡೇ ದಿನಕ್ಕೆ ನೀರನ್ನು ರಾಡಿ ಮಾಡಿತು, ಎತ್ತಿ ತುಳಸಿ ಕುಂಡದ ಪಕ್ಕ ಇಟ್ಟೆ.

ದೊಡ್ಡ ಕಲ್ಲಿನಡಿ ತೆಳು ಥರ್ಮಾಕೋಲ್ ಹಾಕಿ, ತಳದ ಗಾಜು ಉಳಿಯುತ್ತದೆ. ಹೊಸ ಚೂರಿಗೆ ಹಳೇ ಕಲ್ಲಿನ ಬಣ್ಣ ಬಂದದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.