ಸ್ಪ್ಯಾನಿಯಲ್ ಸಾಕುತ್ತಿದ್ದೀರಾ? ಮೊದಲು ಅದರ ಮೂಗಿಗೆ ಕೆಲಸ ಕೊಡಿ

ಇಂಗ್ಲಿಷ್ ಕಾಕರ್ ಸ್ಪ್ಯಾನಿಯಲ್ ನೋಡಿದ ಕೂಡಲೇ ಫ್ಲ್ಯಾಟಿಗೆ ಹೇಳಿ ಮಾಡಿಸಿದ ನಾಯಿ ಅನಿಸುತ್ತದೆ. ಬೆಳೆದ ಮೇಲೂ ತೂಕ ಸುಮಾರು 13ರಿಂದ 15 ಕೆ.ಜಿ. ಅಷ್ಟೇ. ಆದರೆ ಇದು ಇಂಗ್ಲೆಂಡಿನಲ್ಲಿ ಬೇಟೆಗಾರರ ಜೊತೆ ಹೋಗಿ, ಪೊದೆಯಲ್ಲಿ ಅಡಗಿದ ಹಕ್ಕಿಗಳನ್ನು ಮೂಸಿ ಎಬ್ಬಿಸಲೆಂದೇ ಬೆಳೆಸಿದ ತಳಿ. ಆ ಕೆಲಸ ಸಿಗದಿದ್ದರೆ ಸೋಫಾ ಹರಿಯುತ್ತದೆ, ಕುಂಡದ ಮಣ್ಣು ಕೆದಕುತ್ತದೆ, ಬಾಗಿಲು ಸದ್ದಾದರೆ ಸಾಕು ಬೊಗಳುತ್ತದೆ.

ಎಷ್ಟೋ ಜನ ಚೆಂಡು ಎಸೆದು ಎಸೆದು ನಾಯಿಯನ್ನು ಸುಸ್ತು ಮಾಡಲು ನೋಡುತ್ತಾರೆ. ಸ್ಪ್ಯಾನಿಯಲ್ ಇದರಿಂದ ಇನ್ನೂ ಕೆರಳುವುದೇ ಜಾಸ್ತಿ. ಅದನ್ನು ನಿಜವಾಗಿ ತಣಿಸುವುದು ಹುಡುಕಾಟ. ಹೀಗೆ ಶುರು ಮಾಡಿ. ನಾಯಿ ನೋಡುತ್ತಿರುವಾಗಲೇ ಹತ್ತಾರು ಕಾಳು ಡಾಗ್ ಫುಡ್ ನೆಲದ ಮೇಲೆ ಚೆಲ್ಲಿ, ‘ಹುಡುಕು’ ಅನ್ನಿ. ಮಾತಿನ ಅರ್ಥ ಅದಕ್ಕೆ ಹತ್ತಿದ ಮೇಲೆ ಬೇರೆ ಕೋಣೆಯಲ್ಲಿ ಕೂಡಿಸಿ, ಕುರ್ಚಿ ಕಾಲಿನ ಹಿಂದೆ, ಚಾಪೆಯ ಅಂಚಿನಲ್ಲಿ ಕಾಳು ಬಚ್ಚಿಟ್ಟು ಕರೆಯಿರಿ. ಮುಂದಿನ ವಾರ ಹಳೇ ಟವೆಲ್‌ನಲ್ಲಿ ಸುತ್ತಿಡಿ. ಸಿಗದಿದ್ದರೆ ಬೈಯಬೇಡಿ, ಸ್ವಲ್ಪ ಸುಲಭದ ಜಾಗಕ್ಕೆ ಬದಲಿಸಿ. ಹತ್ತು ಹದಿನೈದು ನಿಮಿಷ ಆಡಿಸಿದರೆ ಸಾಕು. ಈ ಕಾಳನ್ನು ದಿನದ ಊಟದ ಲೆಕ್ಕದಿಂದಲೇ ತೆಗೆಯಬೇಕು. ಕಾಕರ್‌ಗೆ ಹೊಟ್ಟೆ ತುಂಬಿತು ಅನ್ನುವುದೇ ಇಲ್ಲ, ಬೇಗ ದಪ್ಪಗಾಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಮಾತ್ರ ಬಾಯಿಗೆ ಬೀಳಲೇಬಾರದು, ಇವು ನಾಯಿಗೆ ವಿಷ.

ದಿನಕ್ಕೆ ಎರಡು ಸಲ ವಾಕಿಂಗ್ ಬೇಕೇ ಬೇಕು. ಎರಡೂ ಸೇರಿ ಒಂದು ಗಂಟೆಗೆ ಕಡಿಮೆಯಾಗಬಾರದು. ಮರಿಯಾದರೆ ಚಿಕ್ಕ ಚಿಕ್ಕ ಸುತ್ತು ಸಾಕು. ದಾರಿಯಲ್ಲಿ ಮೂಸಲು ನಿಂತರೆ ಎಳೆಯಬೇಡಿ, ಅದು ಹೊರಗೆ ಬರುವುದೇ ಅದಕ್ಕಾಗಿ ಅಲ್ವಾ? ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ. ಟಾರು ರಸ್ತೆಯ ಮೇಲೆ ಅಂಗೈ ಹಿಂಭಾಗವನ್ನು ಐದಾರು ಸೆಕೆಂಡ್ ಇಡಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ.

ಸೆಕೆ ಎಂದು ಪೂರ್ತಿ ಬೋಳಿಸುವುದನ್ನು ನಾನು ಒಪ್ಪುವುದಿಲ್ಲ. ಕೂದಲು ಬಿಸಿಲಿನಿಂದ ಚರ್ಮವನ್ನು ಕಾಯುತ್ತದೆ, ಬೋಳಿಸಿದ ಮೇಲೆ ಎಷ್ಟೋ ಸಲ ಉಣ್ಣೆಯಂತೆ ಒರಟಾಗಿ ಬೆಳೆಯುತ್ತದೆ. ಬಾಚಿ, ಹೊಟ್ಟೆ, ಕಾಲು, ಬೆರಳಸಂದಿನ ಕೂದಲು ಮಾತ್ರ ಗಿಡ್ಡ ಮಾಡಿಸಿ. ಹುಲ್ಲಿನಲ್ಲಿ ಓಡಿ ಬಂದರೆ ಬೆರಳಸಂದಿ, ಕಂಕುಳು, ಕಿವಿಯಂಚು ತಡವಿ ನೋಡಿ. ಉತ್ತರಾಣಿ ಬೀಜ ಅಲ್ಲೇ ಅಂಟುತ್ತದೆ, ಉಣ್ಣೆಹುಳ ಕಚ್ಚುವುದೂ ಅಲ್ಲೇ. ನಮ್ಮಲ್ಲಿ ಉಣ್ಣೆಹುಳದಿಂದ ಬರುವ ಜ್ವರ ನಾಯಿಯ ಪ್ರಾಣ ತೆಗೆಯುವಂಥದ್ದು. ಅದಕ್ಕೆ ಉಣ್ಣೆಹುಳ ತಡೆಯುವ ಔಷಧಿಯನ್ನು ವರ್ಷವಿಡೀ ತಪ್ಪಿಸಬೇಡಿ.

ಇನ್ನು ಕಿವಿ. ಈ ತಳಿಯಲ್ಲಿ ಅತಿ ಹೆಚ್ಚು ನೋವು ಕೊಡುವ ಜಾಗ ಇದು. ನಾಯಿಯ ಕಿವಿಯ ದಾರಿ ಮೊದಲು ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಮೇಲೆ ಭಾರದ ಹಾಲೆ ಮುಚ್ಚಿರುವುದರಿಂದ ಗಾಳಿಯಾಡುವುದಿಲ್ಲ. ತೇವ ನಿಂತರೆ ಸೋಂಕು ಕೂರುತ್ತದೆ, ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ಹಾಲೆಯೆತ್ತಿ ದಿನಾ ನೋಡಿ, ಮೂಸಿ. ವೈದ್ಯರು ಹೇಳಿದಷ್ಟು ಸಲ, ಅವರು ಕೊಟ್ಟ ದ್ರಾವಣ ತುಂಬಿಸಿ, ಕಿವಿಯ ಬುಡವನ್ನು ಮೆಲ್ಲಗೆ ಅರ್ಧ ನಿಮಿಷ ನೀವಿ. ನಾಯಿ ತಲೆ ಕೊಡವಲಿ. ಮೇಲೆ ಬಂದ ಕೊಳೆಯನ್ನು ಹತ್ತಿಯಿಂದ ಒರೆಸಿ. ಬಡ್ಸ್ ಬೇಡವೇ ಬೇಡ, ಅದು ಕೊಳೆಯನ್ನು ಒಳಕ್ಕೆ ತಳ್ಳುತ್ತದೆ. ಸ್ನಾನದ ನಂತರವೂ ಒಣಗಿಸಿ. ಊಟಕ್ಕೆ ಬಾಯಿ ಕಿರಿದಾದ ಆಳದ ಬಟ್ಟಲು ಇಟ್ಟರೆ ಕಿವಿ ಹೊರಗೇ ಇಳಿಬೀಳುತ್ತದೆ.

ವಾಸನೆ, ಕಂದು ಗುಗ್ಗೆ, ಪದೇ ಪದೇ ತಲೆ ಕೊಡವುವುದು, ಮುಟ್ಟಿದರೆ ಕುಯ್‌ಗುಟ್ಟುವುದು ಕಂಡರೆ ಅಂದೇ ವೈದ್ಯರಿಗೆ ತೋರಿಸಿ. ಕಪಾಟಿನಲ್ಲಿ ಉಳಿದ ಹಳೇ ಡ್ರಾಪ್ಸ್ ಹಾಕಬೇಡಿ. ಕಿವಿತಮಟೆ ತೂತಾಗಿದ್ದರೆ ಕೆಲವು ಔಷಧಿಗಳು ನಾಯಿಯ ಕೇಳುವ ಶಕ್ತಿಯನ್ನೇ ಕಳೆಯಬಲ್ಲವು.