ಬಿಡುಗಡೆಯ ನೆನಪಿನ ತಟ್ಟೆ: ನಾನು ಜೋಡಿಸಿದ ಬಗೆ

ನೆದರ್ಲೆಂಡ್ಸ್‌ನ ಹಳೆಯ ಮನೆಗಳಲ್ಲಿ, ಗೋಡೆಯ ಮೇಲೋ ಗಾಜಿನ ಕಪಾಟಿನಲ್ಲೋ, ಒಂದು ನೀಲಿ-ಬಿಳಿ ತಟ್ಟೆ ಕಾಣಸಿಗುವುದುಂಟು. 1940–1945 ಅಂತಲೋ, 5 ಮೇ 1945 ಅಂತಲೋ ಅದರ ಮೇಲೆ ಬರೆದಿರುತ್ತದೆ. ಜರ್ಮನ್ ಸೇನೆಯ ಹಿಡಿತ ತಪ್ಪಿದ ನೆನಪಿಗೆ ಮಾಡಿದ ತಟ್ಟೆಗಳು ಇವು. ದಿ ಹೇಗ್‌ನಲ್ಲಿರುವ ನಮ್ಮತ್ತೆಯ ಮನೆಯಲ್ಲೂ ಒಂದಿದೆ. ನಡುವೆ ತುಂಡಾದ ಸರಪಳಿ, ಹಿಂದೆ ಏಳುತ್ತಿರುವ ಸೂರ್ಯ, ಕೆಳಗೆ ತಾರೀಕು. ಎಂದೋ ಒಡೆದದ್ದನ್ನು ಅತ್ತೆಯ ಅಪ್ಪ ಜೋಡಿಸಿದ್ದರು. ಆ ಅಂಟು ಈಗ ಬಿಡತೊಡಗಿತ್ತು. ಪಿಂಗಾಣಿ ರಿಪೇರಿಯೇ ನನ್ನ ಕಸುಬು, ಹಾಗಾಗಿ ತಟ್ಟೆ ನನ್ನ ಮೇಜಿಗೆ ಬಂತು.

ಕೆಲಸ ಶುರು ಮಾಡುವ ಮೊದಲು ಅತ್ತೆ ಒಂದೇ ಮಾತು ಹೇಳಿದರು: "ಚೆನ್ನಾಗಿ ಜೋಡಿಸು. ಆದರೆ ಒಡೆದೇ ಇರಲಿಲ್ಲ ಅನ್ನೋ ಹಾಗೆ ಮಾಡಬೇಡ." ಯುದ್ಧದ ಕೊನೆಯ ಚಳಿಗಾಲದಲ್ಲಿ ಅವರು ಪುಟ್ಟ ಹುಡುಗಿ. 1944ರ ಸೆಪ್ಟೆಂಬರ್‌ನಲ್ಲಿ ರೈಲ್ವೆ ನೌಕರರು ಮುಷ್ಕರ ಹೂಡಿದರು. ಅದಕ್ಕೆ ಸೇಡಾಗಿ ಜರ್ಮನ್ನರು ಪಶ್ಚಿಮದ ಊರುಗಳಿಗೆ ಆಹಾರ ಸಾಗಿಸುವುದನ್ನು ತಡೆದರು. ಆಮೇಲೆ ಕಾಲುವೆಗಳೂ ಹೆಪ್ಪುಗಟ್ಟಿದವು. ಜನ ಟ್ಯುಲಿಪ್ ಗೆಡ್ಡೆ, ಸಕ್ಕರೆ ಬೀಟ್ ಬೇಯಿಸಿ ತಿಂದರು. ಸುಮಾರು 20,000 ಜನ ಸತ್ತರು. 1945ರ ಏಪ್ರಿಲ್ 29ರಿಂದ ಬ್ರಿಟಿಷ್ ವಿಮಾನಗಳು, ಆಮೇಲೆ ಅಮೆರಿಕನ್ ವಿಮಾನಗಳು ತಗ್ಗಿನಲ್ಲಿ ಹಾರಿ ಆಹಾರದ ಮೂಟೆ ಉದುರಿಸಿದವು. ಅತ್ತೆ ಆ ಸದ್ದಿನ ಬಗ್ಗೆ ಇವತ್ತಿಗೂ ಹೇಳುತ್ತಾರೆ. ಅವರಿಗೆ ಆ ತಟ್ಟೆ ಅಲಂಕಾರದ ವಸ್ತು ಅಲ್ಲವೇ ಅಲ್ಲ.

ಮೊದಲು ತಟ್ಟೆಯ ಬೆನ್ನು ನೋಡಿದೆ. 1653ರಿಂದ ನಡೆದು ಬಂದಿರುವ ಡೆಲ್ಫ್ಟ್‌ನ ಪೋರ್ಸೆಲೈನೆ ಫ್ಲೆಸ್ ಕಾರ್ಖಾನೆಯದಾಗಿದ್ದರೆ ಪುಟ್ಟ ಹೂಜಿಯಂಥ ಗುರುತು, ಅದರ ಕೆಳಗೆ ಡೆಲ್ಫ್ಟ್ ಎಂಬ ಹೆಸರು, ಚಿತ್ರ ಬರೆದವರ ಸಹಿ, ವರ್ಷ ಸೂಚಿಸುವ ಅಕ್ಷರ ಇರಬೇಕು. ನಮ್ಮದರಲ್ಲಿ ಹೂಜಿ ಇಲ್ಲ. ಬೇರೆ ಯಾವುದೋ ಕಾರ್ಖಾನೆಯದು. ಮನೆಯವರಿಗೆ ಸ್ವಲ್ಪ ಬೇಜಾರಾಯಿತು. ನನಗೆ ಆಗಲಿಲ್ಲ. ಮಾರುವ ವಸ್ತುವಾಗಿದ್ದರೆ ಗುರುತು ಮುಖ್ಯ, ಇದು ಮಾರುವುದಲ್ಲ ಅಲ್ವಾ?

ಆಮೇಲೆ ಎಲ್ಲ ಕಡೆಯಿಂದ ಫೋಟೋ ತೆಗೆದೆ. ಮೊಬೈಲ್ ಟಾರ್ಚನ್ನು ಅಡ್ಡಡ್ಡ ಹಿಡಿದರೆ ಕೂದಲೆಳೆಯ ಬಿರುಕೂ ಕಾಣುತ್ತದೆ. ಅತ್ತೆಯ ಅಪ್ಪನ ಕೈಕೆಲಸದ ದಾಖಲೆಯಾಗಿಯೂ ಆ ಫೋಟೋಗಳು ಬೇಕಿದ್ದವು.

ಹಳೆಯ ಅಂಟು ಕಂದು ಬಣ್ಣದ್ದು. ಅವರು ಬಡಗಿ, ಹಾಗಾಗಿ ಮರವಜ್ರವೇ ಇರಬೇಕು ಅಂದುಕೊಂಡೆ. ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಈ ಅಂಟು ಬೆಚ್ಚಗಿನ ನೀರಿಗೆ ಮೆತ್ತಗಾಗುತ್ತದೆ. ಒಂದು ಮೂಲೆಯಲ್ಲಿ ಪರೀಕ್ಷಿಸಿದೆ, ಹೌದು. ತಟ್ಟೆಯನ್ನು ನೀರಲ್ಲಿ ಮುಳುಗಿಸಲಿಲ್ಲ. ಗ್ಲೇಜ್, ಅಂದರೆ ಮೇಲಿನ ಗಾಜಿನಂಥ ಹೊಳಪಿನ ಲೇಪ, ಅದರ ಒಳಗಿನ ಮಣ್ಣು ನೀರು ಹೀರುತ್ತದೆ, ಅಂಟಿನ ಕೊಳೆಯೂ ಜೊತೆಗೆ ಒಳಗೆ ಹೋಗುತ್ತದೆ. ಹತ್ತಿಯನ್ನು ಬೆಚ್ಚಗಿನ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕೂಡುಗೆರೆಯ ಮೇಲಷ್ಟೇ ಇಟ್ಟೆ. ಮೇಲೆ ಪ್ಲಾಸ್ಟಿಕ್ ಮುಚ್ಚಿದೆ. ಚೂರುಗಳು ತಾವಾಗಿ ಸಡಿಲವಾಗುವ ತನಕ ಕಾಯಬೇಕು. ಎಳೆಯಬಾರದು. ಅಂಚಿನ ಕೊಳೆಗೆ ಬ್ಲೀಚ್ ಹಾಕಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದು ಮಣ್ಣಿನೊಳಗೆ ಉಪ್ಪಾಗಿ ಉಳಿದು, ಮುಂದೆ ಗ್ಲೇಜನ್ನೇ ಎಬ್ಬಿಸಬಹುದು.

ಚೂರುಗಳು ಪೂರ್ತಿ ಒಣಗಿದ ಮೇಲೆ ಅಂಟಿಲ್ಲದೆ, ಬರೀ ಟೇಪಿನಿಂದ ಜೋಡಿಸಿ ನೋಡಿದೆ. ಈ ಹೆಜ್ಜೆಯನ್ನು ಯಾವತ್ತೂ ಬಿಡುವುದಿಲ್ಲ. ಯಾವ ಚೂರು ಮೊದಲು, ಯಾವುದು ಆಮೇಲೆ ಅಂತ ಇಲ್ಲೇ ಗೊತ್ತಾಗಬೇಕು. ಇಲ್ಲದಿದ್ದರೆ ಕೊನೆಯ ಚೂರಿಗೆ ಜಾಗವೇ ಸಿಗುವುದಿಲ್ಲ.

ಅಂಟಿಗೆ ನಾನು ಆರಿಸಿದ್ದು ಪ್ಯಾರಲಾಯ್ಡ್ ಬಿ-72. ಮ್ಯೂಸಿಯಂಗಳಲ್ಲಿ ಬಳಸುವ ಅಕ್ರಿಲಿಕ್ ಅಂಟು ಇದು. ಎರಡು ದ್ರವ ಬೆರೆಸಿ ಹಚ್ಚುವ ಎಪಾಕ್ಸಿ ಅಂಟಿನಷ್ಟು ಗಟ್ಟಿಯಲ್ಲ, ಆದರೆ ಅಸಿಟೋನ್ ತಾಗಿಸಿದರೆ ಮತ್ತೆ ಬಿಡುತ್ತದೆ. ಎಪಾಕ್ಸಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಇನ್ನೊಬ್ಬರು ಮುಂದೆ ಬಿಚ್ಚಲಾಗದ ಹಾಗೆ ರಿಪೇರಿ ಮಾಡುವುದು ನನ್ನ ಪ್ರಕಾರ ಸರಿಯಲ್ಲ. ಅಂಚುಗಳಿಗೆ ತೆಳುವಾಗಿ ಒಂದು ಸಲ ಸವರಿ ಒಣಗಿಸಿದೆ. ಆಮೇಲೆ ಒಂದು ಅಂಚಿಗೆ ಸಣ್ಣ ಗೆರೆಯಂತೆ ಅಂಟು ಎಳೆದು ಒತ್ತಿ, ಕೂಡುಗೆರೆಗೆ ಅಡ್ಡಲಾಗಿ ಟೇಪು ಹಾಕಿದೆ. ಚೂರು ಜಾರದಂತೆ ತಟ್ಟೆಯನ್ನು ಮರಳು ತುಂಬಿದ ಟ್ರೇಯಲ್ಲಿ ನಿಲ್ಲಿಸಿದೆ. ಕೂಡುಗೆರೆ ಸಮವಾಗಿದೆಯೇ ಅಂತ ನೋಡಲು ಕಣ್ಣಿಗಿಂತ ಉಗುರು ಮೇಲು. ಅಸಿಟೋನ್ ಬಳಸುವಾಗ ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಬೇಡ.

ಈ ಅಂಟಿನ ಒಂದು ದೌರ್ಬಲ್ಯ ಹೇಳಲೇಬೇಕು. 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಮೆತ್ತಗಾಗುತ್ತದೆ. ಇಲ್ಲಿಯ ಮನೆಗಳಲ್ಲಿ ಹೀಟರ್ ಮೇಲೆ ಇಡದಿದ್ದರೆ ಸಾಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅದು ಸಾಲದು. ಅಲ್ಲಿರುವವರು ಭಾರದ ತಟ್ಟೆಗೆ ಬೇರೆ ಅಂಟು ಯೋಚಿಸಬೇಕು.

ಮಗಳು ಜಪಾನಿನ ರೀತಿ ಕೂಡುಗೆರೆಗೆ ಬಂಗಾರದ ಬಣ್ಣ ಹಾಕೋಣ ಅಂದಳು. ಚೆಂದದ ಪದ್ಧತಿ ಅದು, ಒಪ್ಪುತ್ತೇನೆ. ಆದರೆ ಇಲ್ಲಿ ಗೆರೆ ಸರಪಳಿಯ ಮೇಲೇ ಹಾದು ಹೋಗುತ್ತದೆ. ಬಂಗಾರ ಹಾಕಿದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ತುಂಡಾದ ಸರಪಳಿ ಹಿಂದೆ ಸರಿಯುತ್ತದೆ. ಅಂಚಿನಲ್ಲಿ ಹಾರಿಹೋಗಿದ್ದ ಸಣ್ಣ ಚಕ್ಕೆಯನ್ನು ಮಾತ್ರ ತುಂಬಿ, ತುಂಬಿದಷ್ಟು ಜಾಗಕ್ಕೇ ಬಿಳಿ ಬಣ್ಣ ಕೊಟ್ಟೆ. ಹಳೆಯ ಗ್ಲೇಜ್ ಮೇಲೆ ಒಂದು ಹನಿಯೂ ಬೀಳಬಾರದು. ಕೂಡುಗೆರೆ ಹತ್ತಿರ ಬಂದರೆ ಕಾಣುತ್ತದೆ. ಅತ್ತೆ ಕೇಳಿದ್ದೂ ಅದನ್ನೇ.

ಅಂಚನ್ನು ಕಚ್ಚಿ ಹಿಡಿಯುವ ಸ್ಪ್ರಿಂಗ್ ಕೊಕ್ಕೆಯನ್ನು ತೆಗೆಸಿದೆ. ಜೋಡಿಸಿದ ತಟ್ಟೆಗೆ ಆ ಬಿಗಿತ ಒಳ್ಳೆಯದಲ್ಲ. ಈಗ ತಟ್ಟೆ ಕಪಾಟಿನಲ್ಲಿ ಮರದ ಸ್ಟ್ಯಾಂಡ್ ಮೇಲಿದೆ. ಹಿಂಬದಿಗೆ ಚೀಟಿ ಅಂಟಿಸಲಿಲ್ಲ. ಸ್ಟ್ಯಾಂಡ್ ಕೆಳಗೆ ಒಂದು ಲಕೋಟೆ ಇಟ್ಟಿದ್ದೇನೆ. ಅದರಲ್ಲಿ ಅತ್ತೆಯ ಅಪ್ಪ ಜೋಡಿಸಿದ್ದ ತಟ್ಟೆಯ ಫೋಟೋಗಳಿವೆ, ಅತ್ತೆ ಹೇಳಿ ಬರೆಸಿದ ಚಳಿಗಾಲದ ಕತೆ ಡಚ್‌ನಲ್ಲೂ ಕನ್ನಡದಲ್ಲೂ ಇದೆ. ಕೊನೆಯ ಹಾಳೆಯಲ್ಲಿ ಅಂಟಿನ ಹೆಸರು, ಅದನ್ನು ಬಿಚ್ಚುವ ವಿಧಾನ.