ಡೌನ್ ಪೇಮೆಂಟ್‌ಗೆ ಎಷ್ಟು ಕೂಡಿಡಬೇಕು? ನಾವು ಲೆಕ್ಕ ಹಾಕಿದ್ದು ಹೀಗೆ

ಮನೆ ಕೊಳ್ಳುತ್ತೇವೆ ಅಂದರೆ ಸಾಕು, ಎಲ್ಲರೂ ಹೇಳುವುದು ಒಂದೇ ಮಾತು: ಇಪ್ಪತ್ತು ಪರ್ಸೆಂಟ್ ನೀವು ಹಾಕಿ, ಮಿಕ್ಕಿದ್ದು ಬ್ಯಾಂಕ್ ಕೊಡುತ್ತದೆ. ರಿಸರ್ವ್ ಬ್ಯಾಂಕಿನ ನಿಯಮ ಇರುವುದೂ ಹಾಗೇ. ಸಾಲ 30 ಲಕ್ಷದ ಒಳಗಿದ್ದರೆ ಮನೆ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲಾದರೆ ಶೇ 75. ಆದರೆ ಇದು ಬ್ಯಾಂಕ್ ಎಷ್ಟರವರೆಗೆ ಕೊಡಬಹುದು ಅನ್ನುವ ಲೆಕ್ಕ. ನಮ್ಮ ಮನೆ ಎಷ್ಟು ಸಾಲ ತಡೆದುಕೊಳ್ಳುತ್ತದೆ ಅನ್ನುವುದನ್ನು ನಾವೇ ನೋಡಿಕೊಳ್ಳಬೇಕು.

ನಾನು, ನನ್ನ ಹೆಂಡತಿ 2023ರಲ್ಲಿ ಬೆಂಗಳೂರಿನ ಕೆಂಗೇರಿ ಕಡೆ 60 ಲಕ್ಷಕ್ಕೆ ಒಂದು ರೀಸೇಲ್ ಫ್ಲಾಟ್ ಕೊಂಡೆವು. ಇಪ್ಪತ್ತು ಪರ್ಸೆಂಟ್ ಅಂದರೆ 12 ಲಕ್ಷ. ನಾವು ಕೊಳ್ಳುವ ಮೊದಲು ಕೂಡಿಸಿಕೊಂಡಿದ್ದು ಸುಮಾರು 32 ಲಕ್ಷ. ಅಷ್ಟು ಯಾಕೆ ಬೇಕಾಯಿತು ಅಂತ ಹೇಳುತ್ತೇನೆ.

ನಾವು ಲೆಕ್ಕ ಶುರು ಮಾಡಿದ್ದು ಇಎಂಐಯಿಂದ, ಅಂದರೆ ತಿಂಗಳ ಸಾಲದ ಕಂತಿನಿಂದ. ಶೇ 8.5 ಬಡ್ಡಿ, 20 ವರ್ಷ ಅಂದುಕೊಂಡರೆ ಒಂದು ಲಕ್ಷ ಸಾಲಕ್ಕೆ ತಿಂಗಳಿಗೆ ಸುಮಾರು 868 ರೂಪಾಯಿ. ಬ್ಯಾಂಕ್ ಕೊಡುವಷ್ಟೂ, ಅಂದರೆ 48 ಲಕ್ಷ ತೆಗೆದುಕೊಂಡಿದ್ದರೆ ತಿಂಗಳಿಗೆ 41,600 ದಾಟುತ್ತಿತ್ತು. ನಮ್ಮಿಬ್ಬರದ್ದೂ ಖಾಸಗಿ ಕೆಲಸ, ಒಬ್ಬೊಬ್ಬರ ಕೈಗೆ ಬರುವುದು 55 ಸಾವಿರದ ಆಸುಪಾಸು. ರೇಷನ್, ಸ್ಕೂಲ್ ಫೀಸು, ಊರಿಗೆ ಕಳಿಸುವ ಹಣ ಎಲ್ಲ ಸೇರಿ 38 ಸಾವಿರ ಖರ್ಚು. ಅದಕ್ಕೇ ಇಎಂಐ 35 ಸಾವಿರ ದಾಟಬಾರದು ಅಂತ ತೀರ್ಮಾನ ಮಾಡಿದೆವು. ಆ ಮಿತಿಯಲ್ಲಿ ಸಿಗುವ ಸಾಲ 40 ಲಕ್ಷ. ಹಾಗಾಗಿ ಡೌನ್ ಪೇಮೆಂಟ್ 20 ಲಕ್ಷ ಅಂತ ಅಲ್ಲೇ ನಿಗದಿಯಾಯಿತು.

ಆ 35 ಸಾವಿರ ಕಾಗದದ ಮೇಲಿನ ಅಂಕಿಯಷ್ಟೇ ಆಗಿರಬಾರದು ಅಲ್ವಾ? ಬಾಡಿಗೆ 18 ಸಾವಿರ ಕಟ್ಟುತ್ತಿದ್ದೆವು. ಸಂಬಳ ಬಂದ ದಿನವೇ ಇನ್ನು 17 ಸಾವಿರ ತಿಂಗಳು ತಿಂಗಳು ಕಟ್ಟುವ ಬ್ಯಾಂಕ್ ಠೇವಣಿಗೆ, ಅಂದರೆ ಆರ್‌ಡಿಗೆ ಹೋಗುವ ಹಾಗೆ ಮಾಡಿದೆವು. ಮನೆ ಕೊಳ್ಳುವ ಮೊದಲೇ ಇಎಂಐ ಕಟ್ಟಿದ ಹಾಗೆ. ಹಬ್ಬದ ತಿಂಗಳು, ಫೀಸಿನ ತಿಂಗಳು, ಆಸ್ಪತ್ರೆ ಖರ್ಚು ಬಂದ ತಿಂಗಳು, ಯಾವಾಗಲೂ ಅದನ್ನು ಮುಟ್ಟಲಿಲ್ಲ. ಆ ಹಣವೂ ಡೌನ್ ಪೇಮೆಂಟ್‌ಗೇ ಸೇರಿತು. ನಮಗೆ ಧೈರ್ಯ ಬಂದಿದ್ದೇ ಇದರಿಂದ. ಮನೆ ಕೊಳ್ಳುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ. ಎರಡು ಮೂರು ವರ್ಷದಲ್ಲಿ ಬೇಕಾಗುವ ಹಣ ಅಂತ ಎಲ್ಲವನ್ನೂ ಆರ್‌ಡಿ, ಎಫ್‌ಡಿಯಲ್ಲೇ ಇಟ್ಟೆವು, ಷೇರಿಗೆ ಹಾಕಲಿಲ್ಲ.

ಇನ್ನು ನೋಂದಣಿ ಖರ್ಚು. ಇದಕ್ಕೆ ಬ್ಯಾಂಕ್ ಸಾಲ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಶೇ 80ರ ಲೆಕ್ಕಕ್ಕೆ ಮನೆ ಬೆಲೆ ಮಾತ್ರ ಬರುತ್ತದೆ. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಮನೆಗೆ ಮುದ್ರಾಂಕ ಶುಲ್ಕ ಶೇ 5. ನಮಗೆ 3 ಲಕ್ಷ ಆಯಿತು. ಆ 3 ಲಕ್ಷದ ಮೇಲೆ ಶೇ 10 ಸೆಸ್, ನಗರ ವ್ಯಾಪ್ತಿಯಾದ್ದರಿಂದ ಶೇ 2 ಸರ್ಚಾರ್ಜ್. ನೋಂದಣಿ ಶುಲ್ಕ ಆಗ ಶೇ 1, ಅಂದರೆ 60 ಸಾವಿರ. ಒಟ್ಟು 3.96 ಲಕ್ಷ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ಇದೇ ಮನೆಗೆ ಈಗ 4.56 ಲಕ್ಷ ಬೇಕು. ಕಟ್ಟುತ್ತಿರುವ ಫ್ಲಾಟ್ ಆದರೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿಯೂ ಸೇರುತ್ತದೆ. ನಮ್ಮದು ರೀಸೇಲ್, ಹಾಗಾಗಿ ಅದು ಬರಲಿಲ್ಲ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮಾರುವವರ ಲೆಕ್ಕದ ಆದಾಯ ತೆರಿಗೆ) ಹಿಡಿದು, ಮನೆ ಕೊಳ್ಳುವವರೇ ಸರ್ಕಾರಕ್ಕೆ ಕಟ್ಟಬೇಕು. ಇದು ಹೆಚ್ಚಿನ ಖರ್ಚಲ್ಲ, ಆದರೆ ಮರೆಯುವ ಹಾಗಿಲ್ಲ.

ಬ್ರೋಕರ್‌ಗೆ 60 ಸಾವಿರ. ಬ್ಯಾಂಕಿನ ಪ್ರೊಸೆಸಿಂಗ್ ಫೀ, ವಕೀಲರ ಅಭಿಪ್ರಾಯ ಎಲ್ಲ ಸೇರಿ 40 ಸಾವಿರ. ಪೇಂಟಿಂಗ್, ಅಡುಗೆಮನೆ ಮರಗೆಲಸ, ಗೃಹಪ್ರವೇಶಕ್ಕೆ ಎರಡೂವರೆ ಲಕ್ಷ.

ಬಾಡಿಗೆ ಮನೆಯ ಅಡ್ವಾನ್ಸ್ ಇದೆಯಲ್ಲ ಅಂತ ಕೆಲವರು ಅದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಅದು ಕೈಗೆ ಬರುವುದು ಮನೆ ಖಾಲಿ ಮಾಡಿದ ಮೇಲೆ, ಅದೂ ಪೇಂಟಿಂಗ್‌ಗೆ ಅಂತ ಹಿಡಿದುಕೊಂಡು. ಹಣ ಬೇಕಾಗುವುದು ಅದಕ್ಕಿಂತ ಎಷ್ಟೋ ಮೊದಲು, ಅಗ್ರಿಮೆಂಟ್ ದಿನ. ನಾವು ಅದನ್ನು ಸೇರಿಸಲೇ ಇಲ್ಲ.

ಮನೆ ಹುಡುಕುವಾಗ ಒಂದು ಮಾತು ಮತ್ತೆ ಮತ್ತೆ ಕೇಳಿಬಂತು: "ಕ್ರಯಪತ್ರದಲ್ಲಿ ಕಡಿಮೆ ತೋರಿಸೋಣ ಸಾರ್, ಮಿಕ್ಕಿದ್ದು ಕ್ಯಾಶ್ ಕೊಡಿ." ನೋಂದಣಿ ಖರ್ಚು ಉಳಿಯುತ್ತದೆ ಅಂತ ಆಸೆ ತೋರಿಸುತ್ತಾರೆ. ಬ್ಯಾಂಕ್ ನೋಡುವುದು ಕಾಗದದ ಬೆಲೆಯನ್ನು. 60 ಲಕ್ಷದ ಮನೆಯನ್ನು 48 ಲಕ್ಷ ಅಂತ ತೋರಿಸಿದರೆ ಸಾಲ 38.4 ಲಕ್ಷಕ್ಕಿಂತ ಹೆಚ್ಚು ಸಿಗುವುದಿಲ್ಲ. ಇಪ್ಪತ್ತು ಪರ್ಸೆಂಟ್ ಅಂತ 12 ಲಕ್ಷ ಹಿಡಿದುಕೊಂಡು ಹೋದವರು 21 ಲಕ್ಷಕ್ಕೂ ಜಾಸ್ತಿ ಹೊಂದಿಸಬೇಕಾಗುತ್ತದೆ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ ಕೂಡ. ಹಾಗೆ ಕೇಳಿದ ಮನೆಗಳನ್ನು, ಇಷ್ಟವಾದದ್ದನ್ನೂ ಸೇರಿಸಿ, ಬಿಟ್ಟುಬಿಟ್ಟೆವು. ಬ್ಯಾಂಕಿನ ವ್ಯಾಲ್ಯೂಯರ್ ಕಡಿಮೆ ಬೆಲೆ ಕಟ್ಟಿದರೂ ಸಾಲ ಇಳಿಯುತ್ತದೆ. ಶೇ 80ರ ಅಂಚಿನಲ್ಲಿ ನಿಂತವರಿಗೆ ಅದು ದೊಡ್ಡ ಪೆಟ್ಟು. ನಾವು ಅಂಚಿನಿಂದ ದೂರ ಇದ್ದೆವು.

ಕೊನೆಯದು, ಯಾವ ಕಾರಣಕ್ಕೂ ಮನೆಗೆ ಹಾಕಬಾರದು ಅಂತ ತೆಗೆದಿಟ್ಟ ನಾಲ್ಕೂವರೆ ಲಕ್ಷ. ಖರ್ಚು, ಇಎಂಐ ಸೇರಿ ತಿಂಗಳಿಗೆ 73 ಸಾವಿರ. ಒಬ್ಬರ ಕೆಲಸ ಹೋದರೆ ತಿಂಗಳಿಗೆ 18 ಸಾವಿರ ಕಡಿಮೆ ಬೀಳುತ್ತದೆ, ಎರಡು ವರ್ಷ ತಳ್ಳಬಹುದು. ಇಬ್ಬರದ್ದೂ ಹೋದರೆ ಆರು ತಿಂಗಳು. "ಇದನ್ನೂ ಹಾಕಿಬಿಡಿ, ಬಡ್ಡಿ ಉಳಿಯುತ್ತೆ" ಅಂತ ಮಾವ ಪ್ರೀತಿಯಿಂದಲೇ ಹೇಳಿದರು. ನನ್ನ ಹೆಂಡತಿ ಒಪ್ಪಲಿಲ್ಲ. "ಅಪ್ಪಾ, ಬ್ಯಾಂಕಿಗೆ ಯಾವಾಗ ಬೇಕಾದ್ರೂ ಕಟ್ಟಬಹುದು, ವಾಪಸ್ ಕೇಳಿದ್ರೆ ಕೊಡಲ್ಲ" ಅಂದಳು. ಅವಳ ಮಾತು ಸರಿ. ಫ್ಲೋಟಿಂಗ್, ಅಂದರೆ ಏರಿಳಿಯುವ ಬಡ್ಡಿಯ ಮನೆ ಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ಹಾಗಾಗಿ ಬೋನಸ್ ಬಂದಾಗಲೆಲ್ಲ ಒಂದಿಷ್ಟನ್ನು ಅಸಲಿಗೆ ಕಟ್ಟುತ್ತಿದ್ದೇವೆ. ಇಎಂಐ ಹಾಗೇ ಇಟ್ಟು ಸಾಲದ ಅವಧಿ ಕಡಿಮೆ ಮಾಡಿ ಅಂತ ಬರೆದುಕೊಡುತ್ತೇವೆ. ಆ ನಾಲ್ಕೂವರೆ ಲಕ್ಷ ಇನ್ನೂ ಎಫ್‌ಡಿಯಲ್ಲೇ ಇದೆ.